ಮೆಟ್ರಿಕ್ಯುಲೇಷನ್ ದಾಟದ ಗುಂಡಪ್ಪನವರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಹಳೆಯ ವಿದ್ಯಾರ್ಥಿ ಸಂಘದವರು ನಮ್ಮ ಮನೆಗೆ ಬಂದಾಗ, ಪ್ರೌಢಶಾಲೆಗಳಲ್ಲಿ ಶಿಕ್ಷಣದ ಗುಣಮಟ್ಟ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂಬ ವಿಷಯವನ್ನು ಅವರೇ ಆರಿಸಿಕೊಂಡು ಬಂದಿದ್ದರು. ಮೂವತ್ತೆರಡು ವರ್ಷ ಗಣಿತ ಪಾಠ ಮಾಡಿದವನಿಗೆ ಈ ವಿಷಯ ಸುಲಭವಾಗಬೇಕಿತ್ತು. ಮಾಲೂರು ತಾಲ್ಲೂಕಿನಲ್ಲಿ ಕೆಲಸಕ್ಕೆ ಸೇರಿ, ಶ್ರೀನಿವಾಸಪುರ, ಕೋಲಾರ ತಾಲ್ಲೂಕುಗಳನ್ನು ಸುತ್ತಿ, ಕೊನೆಗೆ ಈ ಮುಳಬಾಗಿಲು ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು ನಾನು. ಆದರೂ ಎರಡು ವಾರ ಕೂತು ಬರೆದದ್ದು ಇಲಾಖೆಗೆ ಕಳಿಸುವ ವರದಿಯ ಹಾಗೇ ಬಂತು. ಹರಿದು ಹಾಕಿದೆ.

ಅದರ ಬದಲು ಒಬ್ಬ ವಿದ್ಯಾರ್ಥಿಯ ಕಥೆ ಹೇಳುತ್ತೇನೆ. ಅವರು ಓದಿದ್ದು ಮುಳಬಾಗಿಲು, ಮೈಸೂರು ಮತ್ತು ಕೋಲಾರದಲ್ಲಿ. ಹೈಸ್ಕೂಲು ಮುಗಿಸುವ ಪರೀಕ್ಷೆಯಲ್ಲಿ ಫೇಲಾದರು. ಹೆಸರು ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ನಾವೆಲ್ಲ ಡಿ.ವಿ.ಜಿ. ಎನ್ನುತ್ತೇವೆ.

ನಮ್ಮ ಶಾಲೆ ಆರಂಭವಾದ 1974ರಲ್ಲೇ ಅವರಿಗೆ ಪದ್ಮಭೂಷಣ ಬಂದದ್ದು. ದೇವಸ್ಥಾನದ ಪೌಳಿಯಲ್ಲಿ ಎಂಟನೇ ತರಗತಿ ಶುರು ಮಾಡಿದ ಆ ವರ್ಷ ನಮ್ಮೂರ ಹಿರಿಯರು ಡಿ.ವಿ.ಜಿ.ಯವರ ಹೆಸರನ್ನು ಹೆಮ್ಮೆಯಿಂದ ಆಡಿಕೊಳ್ಳುತ್ತಿದ್ದರಂತೆ. ಮರುವರ್ಷ, 1975ರ ಅಕ್ಟೋಬರ್ 7ರಂದು, ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಮುಳಬಾಗಿಲಿನಲ್ಲಿ ಹುಟ್ಟಿದ ದಿನ 1887ರ ಮಾರ್ಚ್ 17. ಎಂಬತ್ತೆಂಟು ವರ್ಷದ ಆ ಬಾಳಿನಲ್ಲಿ ನನಗೆ ಹೆಚ್ಚು ಕುತೂಹಲ ಇರುವುದು ಅವರ ಕೀರ್ತಿಯ ಕಾಲದ ಬಗ್ಗೆ ಅಲ್ಲ. ಹನ್ನೆರಡರಿಂದ ಇಪ್ಪತ್ತರವರೆಗಿನ ವಯಸ್ಸಿನ ಬಗ್ಗೆ. ಅಂದರೆ ನಮ್ಮ ಶಾಲೆಯ ಮಕ್ಕಳ ವಯಸ್ಸು, ಅಥವಾ ನಮ್ಮಿಂದ ಹೊರಗೆ ಹೋದ ಮೇಲಿನ ಎರಡು ಮೂರು ವರ್ಷ.

ಆ ಕಾಲದ ಮುಳಬಾಗಿಲನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಆಂಜನೇಯಸ್ವಾಮಿ ಗುಡಿ, ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಮಠ, ಹೈದರ್ ವಲಿ ದರ್ಗಾ, ಬೆಂಗಳೂರಿನಿಂದ ಮದರಾಸಿನ ಕಡೆಗೆ ಹೋಗುವ ದೊಡ್ಡ ರಸ್ತೆ. ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುವ ಊರು, ಇವತ್ತಿಗೂ ಹಾಗೇ. ರೈಲು ಇಲ್ಲ. ರೈಲು ಹಿಡಿಯಬೇಕಾದರೆ ಜಟಕಾದಲ್ಲಿ ಇಪ್ಪತ್ತು ಮೈಲಿಗೂ ಹೆಚ್ಚು ದೂರದ ಬೌರಿಂಗ್‌ಪೇಟೆಗೆ ಹೋಗಬೇಕು. ನಾವು ಈಗ ಬಂಗಾರಪೇಟೆ ಎನ್ನುವುದು ಅದನ್ನೇ. ಊರಿನಲ್ಲಿ ಲೋಯರ್ ಸೆಕೆಂಡರಿಯವರೆಗೆ ಓದಬಹುದಿತ್ತು. ಅದರ ಮೇಲೆ ಓದಬೇಕೆಂದರೆ ಊರು ಬಿಡಬೇಕು, ಪರಸ್ಥಳದಲ್ಲಿ ಯಾರಾದರೂ ಅನ್ನ ಹಾಕಬೇಕು, ಫೀಸು ಕಟ್ಟಬೇಕು. ಸರ್ಕಾರಿ ಶಾಲೆಯಾದರೂ ಹೈಸ್ಕೂಲು ಆಗ ಪುಕ್ಕಟೆ ಅಲ್ಲ.

ಲೋಯರ್ ಸೆಕೆಂಡರಿ ಮುಗಿದಾಗ ಗುಂಡಪ್ಪನವರ ಮನೆಯ ಹಿರಿಯರು, ಇಷ್ಟು ಓದಿದ್ದು ಸಾಕು ಎಂಬ ಕಡೆಗೆ ವಾಲಿದ್ದರು. ಇದರಲ್ಲಿ ಅವರನ್ನು ದೂರುವಂಥದ್ದೇನೂ ಇಲ್ಲ. ಕೈಯಲ್ಲಿ ಹಣವಿಲ್ಲದ ಮನೆ ಯಾವುದಾದರೂ ಅದನ್ನೇ ಯೋಚಿಸುತ್ತದೆ. ನಮ್ಮ ಶಾಲೆಯಲ್ಲೂ ಹತ್ತನೇ ತರಗತಿಯ ಫಲಿತಾಂಶ ಬಂದ ಮರುದಿನ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತದೆ, ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನೂ ಬೇಗ.

ಆಗ ನಡುವೆ ಬಂದವರು ರಸೂಲ್ ಖಾನ್. ಅವರು ಮೇಷ್ಟರಲ್ಲ, ಅಮಲ್ದಾರರಲ್ಲ, ನೆಂಟರೂ ಅಲ್ಲ. ಮುಳಬಾಗಿಲಿನಲ್ಲಿ ಜಟಕಾ ಹೊಡೆದು ಬದುಕುತ್ತಿದ್ದವರು, ಆ ಮನೆಗೆ ಬೇಕಾದವರು. ಹುಡುಗನ ಓದು ನಿಲ್ಲುತ್ತದೆಂದು ತಿಳಿದಾಗ ಅವರು ಸುಮ್ಮನಿರಲಿಲ್ಲ. ಮನೆಯವರೊಡನೆ ಜಗಳವಾಡಿದಂತೆಯೇ ಮಾತಾಡಿ ಒಪ್ಪಿಸಿ, ತಮ್ಮ ಜಟಕಾದಲ್ಲೇ ಹುಡುಗನನ್ನು ಬೌರಿಂಗ್‌ಪೇಟೆ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಮೈಸೂರಿನ ದಾರಿ ಹಿಡಿಸಿದರು. ಡಿ.ವಿ.ಜಿ. ಮುಂದೆ ಎಷ್ಟೋ ದಿವಾನರನ್ನು, ವಿದ್ವಾಂಸರನ್ನು ಹತ್ತಿರದಿಂದ ಕಂಡರು. ಆದರೂ ರಸೂಲ್ ಖಾನರನ್ನು ಮರೆಯಲಿಲ್ಲ. ತಮ್ಮ ನೆನಪಿನ ಬರಹಗಳಲ್ಲಿ ಅವರಿಗೂ ಜಾಗ ಕೊಟ್ಟರು.

ಈ ಸಂಗತಿಯನ್ನು ನಾನು ಶಿಕ್ಷಕರ ತರಬೇತಿಗಳಲ್ಲಿ ಹೇಳಿದಾಗಲೆಲ್ಲ ಕೇಳಿದವರು ಇದನ್ನು ಕೋಮು ಸೌಹಾರ್ದದ ಕಥೆಯೆಂದು ಮೆಚ್ಚಿಕೊಳ್ಳುತ್ತಿದ್ದರು. ಅದು ಸರಿಯೇ. ನನಗೆ ಮಾತ್ರ ಅದರಲ್ಲಿ ಇನ್ನೊಂದು ಕಾಣುತ್ತದೆ. ಓದು ನಿಲ್ಲುವ ಹೊತ್ತಿಗೆ ಸರಿಯಾಗಿ ಒಬ್ಬ ಹೊರಗಿನವನು ಬಾಗಿಲಿಗೆ ಬಂದು ನಿಂತ. ಕಟ್ಟಡ, ಪಠ್ಯಪುಸ್ತಕ, ತರಬೇತಿ, ಎಲ್ಲವನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ರಸೂಲ್ ಖಾನರನ್ನು ಯಾವ ಕಾಲಂನಲ್ಲಿ ಬರೆಯುವುದೋ ನಮಗೆ ಗೊತ್ತಿಲ್ಲ.

ಮೈಸೂರಿನಲ್ಲಿ ಗುಂಡಪ್ಪನವರ ಓದು ಕೊನೆಮುಟ್ಟಲಿಲ್ಲ. ಅಲ್ಲಿಂದ ಬಂದು ಕೋಲಾರದ ಹೈಸ್ಕೂಲಿಗೆ ಸೇರಿದರು. ಓದುವ ವಯಸ್ಸಿನಲ್ಲೇ ಮದುವೆಯೂ ಆಯಿತು. ಆಗಿನ ಕಾಲಕ್ಕೆ ಅದು ವಿಶೇಷವೇನಲ್ಲ. ಶಾಲೆ ಬದಲಾದರೆ ಏನಾಗುತ್ತದೆಂಬುದನ್ನು ಮೇಷ್ಟರುಗಳಿಗೆ ಹೇಳಬೇಕಾಗಿಲ್ಲ. ಒಂದು ಕಡೆ ಬೀಜಗಣಿತ ಅರ್ಧಕ್ಕೆ ನಿಂತಿರುತ್ತದೆ, ಇನ್ನೊಂದು ಕಡೆ ಅದನ್ನು ಮುಗಿಸಿ ಮುಂದೆ ಹೋಗಿರುತ್ತಾರೆ. ನಡುವೆ ಬಿದ್ದ ಹುಡುಗ ಕೊನೆಯ ಬೆಂಚಿನಲ್ಲಿ ಕೂತು ತಲೆಯಾಡಿಸುವುದನ್ನು ಕಲಿಯುತ್ತಾನೆ. ಮಾಲೂರಿನಲ್ಲಿ ಇಟ್ಟಿಗೆ ಗೂಡಿನ ಕೆಲಸಕ್ಕೆ ಬಂದವರ ಮಕ್ಕಳಲ್ಲಿ ಇದನ್ನು ನಾನು ವರ್ಷವರ್ಷವೂ ನೋಡಿದ್ದೇನೆ.

ಪರೀಕ್ಷೆ ಹೇಗಿತ್ತು ಎಂಬುದನ್ನೂ ಹೇಳಬೇಕು. ಆಗ ಮೈಸೂರು ವಿಶ್ವವಿದ್ಯಾನಿಲಯ ಇರಲಿಲ್ಲ. ಅದು ಆದದ್ದು 1916ರಲ್ಲಿ. ನಮ್ಮ ಸೀಮೆಯ ಹುಡುಗರು ಬರೆಯುತ್ತಿದ್ದುದು ಮದರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್. ಹೈಸ್ಕೂಲಿನ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಎರಡು ಭಾಷೆ, ಉತ್ತರ ಪತ್ರಿಕೆಯಲ್ಲಿ ಇನ್ನೊಂದು. ನಮ್ಮ ಗಡಿ ತಾಲ್ಲೂಕಿನಲ್ಲಿ ತೆಲುಗು ಮಾತಾಡುವ ಮನೆಯ ಮಗು ಕನ್ನಡ ಮಾಧ್ಯಮದಲ್ಲಿ ಸಮಾಜ ವಿಜ್ಞಾನ ಬರೆಯುವಾಗ, ಗೊತ್ತಿರುವ ಉತ್ತರವನ್ನೇ ಬರೆಯಲಾಗದೆ ಪೆನ್ನು ಕಚ್ಚುತ್ತಾ ಕೂರುವುದನ್ನು ಕಂಡವರಿಗೆ ಆ ಕಷ್ಟ ಅರ್ಥವಾಗುತ್ತದೆ. ಆ ಪರೀಕ್ಷೆಯಲ್ಲಿ ಗುಂಡಪ್ಪನವರು ಅನುತ್ತೀರ್ಣರಾದರು. ಶಾಲೆಯ ಓದು ಅಲ್ಲಿಗೆ ಮುಗಿಯಿತು.

ಇಲ್ಲಿ ನಮ್ಮ ಜಿಲ್ಲೆಯ ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಡಿ.ವಿ.ಜಿ.ಯವರಿಗಿಂತ ನಾಲ್ಕು ವರ್ಷ ಚಿಕ್ಕವರು. ಅವರ ಮನೆಯಲ್ಲೂ ಬಡತನ. ಅವರೂ ಊರೂರು ಬದಲಾಯಿಸಿ, ಬಂಧುಗಳ ಆಶ್ರಯದಲ್ಲಿ, ವಾರಾನ್ನದಲ್ಲಿ ಓದಿದವರು. ಅವರು ಪರೀಕ್ಷೆಗಳನ್ನೆಲ್ಲ ಗೆದ್ದರು. ಮದರಾಸಿನಲ್ಲಿ ಎಂ.ಎ. ಮಾಡಿ ಚಿನ್ನದ ಪದಕ ಪಡೆದು ಮೈಸೂರು ಸಿವಿಲ್ ಸರ್ವೀಸಿಗೆ ಸೇರಿದರು. ಒಂದೇ ಜಿಲ್ಲೆ, ಹೆಚ್ಚು ಕಡಿಮೆ ಒಂದೇ ಕಾಲ, ಒಂದೇ ತರದ ಬಡತನ. ಒಬ್ಬರಿಗೆ ಪದಕ, ಒಬ್ಬರಿಗೆ ಫೇಲು. ಮುಂದೆ ಇಬ್ಬರೂ ಸ್ನೇಹಿತರಾಗಿದ್ದರು, ಇಬ್ಬರೂ ಕನ್ನಡಕ್ಕೆ ಆಸ್ತಿಯಾದರು. ಬಡತನವೇ ಫಲಿತಾಂಶಕ್ಕೆ ಕಾರಣ ಎಂದು ಯಾರಾದರೂ ಸಲೀಸಾಗಿ ಹೇಳಿದಾಗ ನನಗೆ ಈ ಇಬ್ಬರು ನೆನಪಾಗುತ್ತಾರೆ. ಬಡತನ ಕಾರಣವೇ ಅಲ್ಲ ಎಂದು ಹೇಳುವವರಿದ್ದರೆ ಅವರಿಗೂ ಇದೇ ಇಬ್ಬರನ್ನು ತೋರಿಸುತ್ತೇನೆ.

ಫೇಲಾದ ಮೇಲಿನ ವರ್ಷಗಳು ಕಷ್ಟದವು. ಮುಳಬಾಗಿಲಿನ ಶಾಲೆಯಲ್ಲಿ ಸ್ವಲ್ಪ ಕಾಲ ಬದಲಿ ಮೇಷ್ಟರ ಕೆಲಸ. ಈಗ ನಾವು ಅತಿಥಿ ಶಿಕ್ಷಕರು ಎನ್ನುತ್ತೇವಲ್ಲ, ಆ ತರದ್ದು. ಆಮೇಲೆ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯ ಕೆಲಸ. ಶಿವನಸಮುದ್ರದಿಂದ ವಿದ್ಯುತ್ತು ಬಂದು (ಅದು 1902ರಲ್ಲಿ) ಗಣಿ ಊರು ಜಗಜಗ ಬೆಳಗುತ್ತಿದ್ದ ಕಾಲ ಅದು. ನಮ್ಮ ಜಿಲ್ಲೆಯ ಓದು ಬಿಟ್ಟ ಹುಡುಗರು ಆಗ ಅಲ್ಲಿಗೆ ಹೋಗುತ್ತಿದ್ದರು, ಈಗ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳ ಬಸ್ಸು ಹತ್ತುತ್ತಾರೆ. ಗಣಿಯಿಂದ ಗುಂಡಪ್ಪನವರು ಬೆಂಗಳೂರಿಗೆ ಹೋದರು. ಅಲ್ಲಿ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಅಂಗಡಿಯಲ್ಲಿ ಕೆಲಸ ಮಾಡಿದ್ದೂ ಉಂಟು.

ಅಲ್ಲಿಂದ ಪತ್ರಿಕೆಗಳ ಕಡೆ ತಿರುಗಿದರು. ಸೂರ್ಯೋದಯ ಪ್ರಕಾಶಿಕೆಯಂಥ ಪತ್ರಿಕೆಗಳಿಗೆ ವರದಿ ಬರೆದು ಬಂದ ಅಲ್ಪ ಹಣದಲ್ಲಿ ಸಂಸಾರ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ಬಿಗಿಯಾದ ಶಾಸನ ತಂದಾಗ ಬೆಂಗಳೂರಿನ ಪತ್ರಿಕಾವೃತ್ತಿಯೇ ಅಲ್ಲಾಡಿಹೋಯಿತು. ಅವರೂ ಕೆಲಕಾಲ ಮದರಾಸಿಗೆ ಹೋಗಿ ಬಂದರು. 1913ರಲ್ಲಿ ತಮ್ಮದೇ ಇಂಗ್ಲಿಷ್ ಪತ್ರಿಕೆ ‘ಕರ್ನಾಟಕ’ವನ್ನು ಆರಂಭಿಸಿದರು. ಇಂಗ್ಲಿಷ್ ಮಾಧ್ಯಮದ ಪರೀಕ್ಷೆಯಲ್ಲಿ ನಪಾಸಾದವರು ಇಂಗ್ಲಿಷ್ ಪತ್ರಿಕೆಯ ಸಂಪಾದಕರಾದರು. ಅದನ್ನು ದಿವಾನರು, ಬ್ರಿಟಿಷ್ ಅಧಿಕಾರಿಗಳು ಓದುತ್ತಿದ್ದರು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರೂ ಅವಿಭಜಿತ ಕೋಲಾರ ಜಿಲ್ಲೆಯವರೇ, ಮುದ್ದೇನಹಳ್ಳಿಯವರು. ಇಬ್ಬರಿಗೂ ಬಹುಕಾಲದ ಸ್ನೇಹವಿತ್ತು. ಆದರೆ ಸರ್ಕಾರಕ್ಕಾಗಿ ಮಾಡಿಕೊಟ್ಟ ಬರಹದ ಕೆಲಸಕ್ಕೆ ಬಂದ ಚೆಕ್ಕುಗಳನ್ನು ಡಿ.ವಿ.ಜಿ. ನಗದು ಮಾಡಿಕೊಳ್ಳಲಿಲ್ಲ. ಮನೆಯಲ್ಲಿ ಹಣ ತುಂಬಿತ್ತೆಂದು ಯಾರೂ ತಿಳಿಯಬೇಡಿ, ಇರಲಿಲ್ಲ.

ಶಾಲೆ ಬಿಟ್ಟವರು ಇಷ್ಟೆಲ್ಲ ಕಲಿತದ್ದು ಎಲ್ಲಿ? ಇದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಉತ್ತರ ಅವರ ಬಾಳಿನಲ್ಲೇ ಇದೆ. ಪತ್ರಿಕೆಯ ಕೆಲಸ ದಿನದಿನವೂ ಓದಿಸಿತು, ಬರೆಸಿತು, ಮಾರನೆಯ ದಿನ ತಪ್ಪನ್ನು ಊರಿಗೆಲ್ಲ ತೋರಿಸಿತು. ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳಂಥ ದೊಡ್ಡ ವಿದ್ವಾಂಸರ ಬಳಿ ಕೂತು ವೇದಾಂತ ಓದಿದರು. ಅಂಥವರು ಶಿಷ್ಯನ ಅಂಕಪಟ್ಟಿ ಕೇಳುವವರಲ್ಲ. ಪುಸ್ತಕ ಸಾಲ ಕೊಡುವ ಗೆಳೆಯರಿದ್ದರು. ಚರ್ಚೆ ಮಾಡುವ ಮನೆಗಳಿದ್ದವು. ಅಂದರೆ ಫೇಲಾದವನಿಗೆ ಎರಡನೆಯ ಬಾಗಿಲು ಎಂಬುದೊಂದು ಆ ಬೆಂಗಳೂರಿನಲ್ಲಿ ತೆರೆದಿತ್ತು, ಅದನ್ನು ತಳ್ಳುವ ಶಕ್ತಿ ಇವರಿಗಿತ್ತು.

ನಮ್ಮಲ್ಲಿ ಒಂದು ರೂಢಿ ಇದೆ. ಫೇಲಾದ ಹುಡುಗ ಎದುರಿಗೆ ಸಿಕ್ಕರೆ ಡಿ.ವಿ.ಜಿ.ಯವರೂ ಫೇಲಾಗಿದ್ದರು ಎಂದು ಬೆನ್ನು ತಟ್ಟಿ ಕಳಿಸಿಬಿಡುತ್ತೇವೆ. ನಾನೂ ಹಾಗೆ ಮಾಡಿದವನೇ. ಈಗ ಅದು ತಪ್ಪೆಂದು ಅನ್ನಿಸುತ್ತದೆ. ಆ ವರ್ಷ ಕೋಲಾರದಲ್ಲಿ ಅವರ ಜೊತೆ ಫೇಲಾದ ಬೇರೆ ಹುಡುಗರೂ ಇದ್ದಿರಬೇಕಲ್ಲ? ಅವರ ಹೆಸರು ಯಾರಿಗೂ ಗೊತ್ತಿಲ್ಲ. ಒಬ್ಬರು ಮೇಲೆ ಬಂದದ್ದನ್ನು ತೋರಿಸಿ ಉಳಿದವರನ್ನು ಮರೆಸುವುದು ಸಮಾಧಾನ ಆಗುವುದಿಲ್ಲ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಾನೇ ಎಸ್.ಎಸ್.ಎಲ್.ಸಿ.ಯಲ್ಲಿ ಮೊದಲ ಸಲ ಗಣಿತದಲ್ಲಿ ಹೋದವನು. ಫೀಸು ಕಟ್ಟಿ ಮತ್ತೆ ಕೂರಿಸಿದವರು ನಮ್ಮ ಬೀದಿಯ ಕೊನೆಯಲ್ಲಿ ಚಿಲ್ಲರೆ ಅಂಗಡಿ ಇಟ್ಟಿದ್ದ ಒಬ್ಬ ಅಜ್ಜಿ. ಅಂಥ ನಾನು ಮೇಷ್ಟರಾಗಿ ಹನ್ನೆರಡು ವರ್ಷ ಆಗಿದ್ದಾಗ, ಬೇರೊಂದು ತಾಲ್ಲೂಕಿನ ಶಾಲೆಯಲ್ಲಿ, ಒಬ್ಬ ಹುಡುಗ ನನ್ನ ವಿಷಯದಲ್ಲೇ ನಾಲ್ಕು ಅಂಕದಿಂದ ಹೋದ. ಲೆಕ್ಕದಲ್ಲಿ ಚುರುಕು. ಆದರೆ ಆ ವರ್ಷ ಮಾವಿನ ಸುಗ್ಗಿಯಲ್ಲಿ ತಂದೆಯ ಜೊತೆ ತೋಟ ಕಾಯಲು ಹೋಗಿ, ಆಮೇಲೆ ರೇಷ್ಮೆ ಹುಳುವಿನ ಕೆಲಸಕ್ಕೆಂದು ನಿಂತು, ರೇಖಾಗಣಿತದ ಪಾಠ ಅರ್ಧಕ್ಕರ್ಧ ತಪ್ಪಿಸಿಕೊಂಡಿದ್ದ. ಫಲಿತಾಂಶದ ದಿನ ನೋಟಿಸ್ ಬೋರ್ಡಿನ ಹತ್ತಿರ ನಿಂತಿದ್ದವನಿಗೆ ನಾನು ಡಿ.ವಿ.ಜಿ. ಕಥೆ ಹೇಳಿದೆ. ಸಪ್ಲಿಮೆಂಟರಿಗೆ ಕಟ್ಟು ಎಂದೆ. ಮನೆಗೆ ಬಂದು ನಿಮ್ಮ ಅಪ್ಪನ ಹತ್ತಿರ ಮಾತಾಡುತ್ತೇನೆ ಎಂದೂ ಹೇಳಿದೆ. ಅವರ ಹಳ್ಳಿ ಶಾಲೆಯಿಂದ ಮೂರು ಮೈಲಿ. ನಾನು ಹೋಗಲಿಲ್ಲ. ವರ್ಗಾವಣೆಯ ಓಡಾಟ, ಮಗಳ ಜ್ವರ, ಏನೇನೋ ನೆಪ. ಫೀಸು ಕಟ್ಟುವ ದಿನ ಮುಗಿದುಹೋಯಿತು.

ಹತ್ತಾರು ವರ್ಷ ಕಳೆದ ಮೇಲೆ ಕೋಲಾರದ ಮಾರುಕಟ್ಟೆಯ ಗೇಟಿನ ಹತ್ತಿರ ಟೊಮೆಟೊ ಬಾಕ್ಸು ತುಂಬಿದ ಟೆಂಪೊದಿಂದ ಇಳಿದು ಬಂದು ಒಬ್ಬರು ನಮಸ್ಕಾರ ಹೇಳಿದರು. ಅವನೇ. ಚಹಾ ಕುಡಿಸಿದ. ಹೆಂಡತಿ ಮಕ್ಕಳ ವಿಚಾರ ಹೇಳಿದ. ಎದ್ದು ಹೋಗುವಾಗ, ಆ ವಾರ ಪೂರ್ತಿ ಸಂಜೆ ಹೊತ್ತು ನಮ್ಮಪ್ಪನನ್ನು ಎಲ್ಲೂ ಹೋಗದಂತೆ ಮನೆಯಲ್ಲೇ ಕೂರಿಸಿಕೊಂಡಿದ್ದೆ ಮೇಷ್ಟ್ರೇ ಎಂದು ನಗುತ್ತಲೇ ಹೇಳಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಆವತ್ತಿನಿಂದ ನನಗೆ ಡಿ.ವಿ.ಜಿ.ಯವರ ಕಥೆಯಲ್ಲಿ ಜಟಕಾ ಬಂದು ನಿಲ್ಲುವ ಜಾಗ ಬಂದಾಗ ಮನಸ್ಸು ತಡೆಯುತ್ತದೆ.

ಡಿ.ವಿ.ಜಿ.ಯವರ ಮುಂದಿನ ಬಾಳು ನಿಮಗೆಲ್ಲ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. 1924ರಲ್ಲಿ ಹೆಂಡತಿ ಭಾಗೀರಥಮ್ಮನವರು ಬೆಂಕಿಯ ಅನಾಹುತದಲ್ಲಿ ತೀರಿಕೊಂಡರು. ಅವರಿಗೆ ಆಗ ಮೂವತ್ತೇಳು ವರ್ಷ. ಮತ್ತೆ ಮದುವೆಯಾಗದೆ ಮಕ್ಕಳನ್ನು ಬೆಳೆಸಿದರು. ಆ ಮಕ್ಕಳಲ್ಲಿ ಬಿ.ಜಿ.ಎಲ್. ಸ್ವಾಮಿಯವರು ಹೆಸರಾಂತ ಸಸ್ಯವಿಜ್ಞಾನಿಯಾದರು, ಕನ್ನಡದ ದೊಡ್ಡ ಲೇಖಕರೂ ಆದರು. 1926ರಿಂದ 1940ರವರೆಗೆ ಡಿ.ವಿ.ಜಿ. ಮೈಸೂರು ಶಾಸನ ಪರಿಷತ್ತಿನ ಸದಸ್ಯರು. ಮೈಸೂರು ವಿಶ್ವವಿದ್ಯಾನಿಲಯದ ಆಡಳಿತದಲ್ಲೂ ಹಲವು ವರ್ಷ ಇದ್ದರು. 1932ರಲ್ಲಿ ಮಡಿಕೇರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1943ರಲ್ಲಿ ‘ಮಂಕುತಿಮ್ಮನ ಕಗ್ಗ’ ಬಂತು, 945 ಪದ್ಯಗಳು. ನಮ್ಮ ಕಡೆ ಮದುವೆ ಮನೆಯಲ್ಲಿ, ಹರಟೆಕಟ್ಟೆಯಲ್ಲಿ, ವಾಟ್ಸಾಪಿನಲ್ಲಿ ಅದು ಓಡಾಡದ ದಿನ ಇಲ್ಲ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಗೌರವ ಡಾಕ್ಟರೇಟ್ ಕೊಟ್ಟಿತು. ಭಗವದ್ಗೀತೆಯನ್ನು ಕುರಿತ ಗ್ರಂಥಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು 1945ರ ಫೆಬ್ರವರಿಯಲ್ಲಿ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಅದರ ಗುರಿ ಪ್ರಜೆಗಳನ್ನು ತಯಾರು ಮಾಡುವುದು, ನೌಕರರನ್ನಲ್ಲ. ಅಲ್ಲಿ ಪುಸ್ತಕ ಭಂಡಾರ, ಉಪನ್ಯಾಸ, ಒಂದು ಗ್ರಂಥ ಹಿಡಿದು ಹಲವರು ಸುತ್ತ ಕೂತು ಓದಿ ಚರ್ಚಿಸುವ ಅಧ್ಯಯನ ಗೋಷ್ಠಿ. ಆ ಕೊಠಡಿಗೆ ಬರಲು ಯಾವ ಪರೀಕ್ಷೆಯನ್ನೂ ಪಾಸು ಮಾಡಿರಬೇಕಾಗಿರಲಿಲ್ಲ. ಮುದುಕರಾದ ಮೇಲೂ ಅವರೇ ಕೂತು ಪಾಠ ನಡೆಸುತ್ತಿದ್ದರು. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ನಡೆದ ಸನ್ಮಾನದಲ್ಲಿ ಅರ್ಪಿಸಿದ ಒಂದು ಲಕ್ಷ ರೂಪಾಯಿಯನ್ನು ಹಾಗೇ ಆ ಸಂಸ್ಥೆಗೆ ಕೊಟ್ಟರು. ತಮಗೆ ತೆರೆದಿದ್ದ ಎರಡನೆಯ ಬಾಗಿಲನ್ನು ಮುಂದಿನವರಿಗಾಗಿ ಕಟ್ಟಿಸಿದರೆಂದು ನಾನು ತಿಳಿದಿದ್ದೇನೆ.

ಇನ್ನು ನಮ್ಮ ಶಾಲೆ. ನಾನು ಇಲ್ಲಿಗೆ ಬಂದಾಗ ಗ್ರಂಥಾಲಯವೆಂದರೆ ಎರಡು ಕಬ್ಬಿಣದ ಬೀರು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಿದ್ದರು. ಪುಸ್ತಕ ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆಂಬ ಭಯ. ಇದು ನಮ್ಮೊಂದು ಶಾಲೆಯ ಕಥೆ ಅಲ್ಲ. ಗಣಿತಕ್ಕೋ ಇಂಗ್ಲಿಷಿಗೋ ಮೇಷ್ಟರಿಲ್ಲದೆ ಅರ್ಧ ವರ್ಷ ಕಳೆಯುವುದು, ಅತಿಥಿ ಶಿಕ್ಷಕರು ಬಂದು ಮಕ್ಕಳಿಗೆ ಒಗ್ಗುವಷ್ಟರಲ್ಲಿ ಮಾರ್ಚ್ ಬರುವುದು, ಪ್ರಯೋಗಾಲಯದ ಕೊಠಡಿಯಲ್ಲಿ ಅಕ್ಕಿ ಮೂಟೆ ಇಡುವುದು, ನಾಲ್ಕೂ ತಾಲ್ಲೂಕಿನಲ್ಲಿ ಇವನ್ನು ನೋಡಿದ್ದೇನೆ. ಒಳ್ಳೆಯದನ್ನೂ ನೋಡಿದ್ದೇನೆ. 2006ರ ಆಚೆ ಎಂಟನೇ ತರಗತಿಗೆ ಸೈಕಲ್ ಬಂದ ಮೇಲೆ ದೂರದ ಹಳ್ಳಿಗಳ ಹೆಣ್ಣುಮಕ್ಕಳು ಗುಂಪುಗುಂಪಾಗಿ ಬೆಲ್ಲು ಹೊಡೆಯುತ್ತಾ ಗೇಟಿನೊಳಗೆ ಬರುವುದು ಕಂಡು, ಬೌರಿಂಗ್‌ಪೇಟೆಯ ಆ ಜಟಕಾ ನೆನಪಾಗಿ ಒಬ್ಬನೇ ನಕ್ಕಿದ್ದೇನೆ. ಮಧ್ಯಾಹ್ನದ ಊಟ ಹೈಸ್ಕೂಲಿಗೂ ಬಂದ ಮೇಲೆ ಮಧ್ಯಾಹ್ನದ ಮೇಲಿನ ಪೀರಿಯಡ್ಡುಗಳಲ್ಲಿ ಬೆಂಚು ಖಾಲಿ ಇರುವುದು ಕಡಿಮೆಯಾಯಿತು. ವಾರಾನ್ನ ಉಂಡು ಓದಿದ ಮಾಸ್ತಿಯವರ ಜಿಲ್ಲೆಗೆ ಇದು ಸಣ್ಣ ಸಂಗತಿಯಲ್ಲ.

ನಾನು ಮುಖ್ಯೋಪಾಧ್ಯಾಯನಾಗಿದ್ದ ವರ್ಷಗಳಲ್ಲಿ ಒಂದು ಕೆಲಸ ಮಾತ್ರ ತಪ್ಪಿಸಲಿಲ್ಲ. ಫಲಿತಾಂಶ ಬಂದ ಸಂಜೆಯೇ ಫೇಲಾದವರ ಪಟ್ಟಿ ಜೇಬಿನಲ್ಲಿಟ್ಟುಕೊಂಡು, ನಮ್ಮ ಕನ್ನಡ ಮೇಷ್ಟರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವರವರ ಮನೆಗೆ ಹೋಗುತ್ತಿದ್ದೆ. ಮೊದಲ ವರ್ಷ ಒಂಬತ್ತು ಮನೆ. ಎರಡು ಮನೆಯಲ್ಲಿ ಬಾಗಿಲು ತೆರೆಯಲಿಲ್ಲ, ಒಂದು ಕಡೆ ನಾಯಿ ಅಟ್ಟಿಸಿಕೊಂಡು ಬಂತು. ಒಬ್ಬ ತಾಯಿ ಮಜ್ಜಿಗೆ ಕೊಟ್ಟು, ಮಗಳ ಮದುವೆಯ ಮಾತು ನಡೆದಿದೆ, ಮೇಷ್ಟರು ಬಂದದ್ದು ಒಳ್ಳೆಯದಾಯಿತು, ನೀವೇ ನಮ್ಮ ಯಜಮಾನರಿಗೆ ಹೇಳಿ ಎಂದು ತೆಲುಗಿನಲ್ಲಿ ಹೇಳಿದರು. ಹೇಳಿದೆವು. ಆ ಹುಡುಗಿ ಜೂನ್ ಪರೀಕ್ಷೆಯಲ್ಲಿ ಪಾಸಾದಳು; ಈಗ ನರ್ಸಿಂಗ್ ಮುಗಿಸಿ ಕೆಲಸದಲ್ಲಿದ್ದಾಳೆ. ಈ ಸಂಚಿಕೆಗೆ ಅವಳೂ ಚಂದಾ ಕಳಿಸಿದ್ದಾಳೆಂದು ಖಜಾಂಚಿಗಳು ಹೇಳಿದರು.

ಹಳೆಯ ವಿದ್ಯಾರ್ಥಿಗಳು ಸೇರಿ ಈ ವರ್ಷ ಶಾಲೆಯ ಹಿಂದಿನ ಹಳೆಯ ಕೊಠಡಿಗೆ ಹೊಸ ಹೆಂಚು ಹಾಕಿಸಿ ಓದುವ ಕೋಣೆ ಮಾಡಿದ್ದಾರೆ. ಗೋಡೆಗೆ ಡಿ.ವಿ.ಜಿ.ಯವರ ಪಟ ಹಾಕಿದ್ದಾರೆ. ಪಕ್ಕದಲ್ಲಿ ಮಾಸ್ತಿಯವರದ್ದೂ ಇದೆ. ರಸೂಲ್ ಖಾನರ ಪಟ ಎಲ್ಲೂ ಸಿಗಲಿಲ್ಲ. ಚಿತ್ರಕಲಾ ಮೇಷ್ಟರು ಒಂದು ಜಟಕಾ ಬರೆದುಕೊಟ್ಟಿದ್ದಾರೆ, ಕುದುರೆಯ ಕಾಲು ಸ್ವಲ್ಪ ಉದ್ದವಾಗಿದೆ. ಕೋಣೆ ಪ್ರತಿದಿನ ಸಂಜೆ ನಾಲ್ಕೂವರೆಯಿಂದ ಆರರವರೆಗೆ ತೆರೆದಿರುತ್ತದೆ. ಶಾಲೆ ಬಿಟ್ಟವರೂ, ಫೇಲಾದವರೂ, ಊರಿನವರೂ ಬರಬಹುದು. ಬೀಗದ ಕೈ ಒಂದು ಕನ್ನಡ ಮೇಷ್ಟರ ಹತ್ತಿರ, ಇನ್ನೊಂದು ಗೇಟಿನ ಎದುರಿನ ಹೋಟೆಲಿನಲ್ಲಿ ಇದೆ.